ಜೇಬಿಗೆ ಹೋದ ಕವಳ

ಅವರು ಮೊದಲ ದಿನವೇ ನನ್ನನ್ನು ‘ನೀವು’ ಅಂದರು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಕರೆದವರು ಯಾರೂ ಇರಲಿಲ್ಲ. ಲಾರಿ ಮಾಲೀಕ ‘ಏ’ ಅನ್ನುತ್ತಿದ್ದ, ಅಣೆಕಟ್ಟೆ ಕೆಲಸದ ಮೇಸ್ತ್ರಿ ‘ಲೇ’ ಅನ್ನುತ್ತಿದ್ದ. ಒಡೆಯರ ಮನೆಯಲ್ಲಿ ಹಾಲುಹಲ್ಲಿನ ಮಗು ಕೂಡ ನನ್ನ ಅಪ್ಪನನ್ನು ಹೆಸರು ಹಿಡಿದು ‘ಬಾ, ಹೋಗು’ ಅನ್ನುತ್ತಿತ್ತು. ಇವರು ಜೀಪಿನ ಹತ್ತಿರ ನಡೆದು ಬಂದು, ಡ್ರೈವರ್ರೇ, ನೀವು ತಿಂಡಿ ತಿಂದ್ರಾ ಎಂದು ಕೇಳಿದರು. ನಾನು ತಿಂದಿರಲಿಲ್ಲ. ಆದರೂ ತಿಂದೆ ಅಂದೆ. ಅಷ್ಟು ಮರ್ಯಾದೆ ಕೊಟ್ಟವರ ಎದುರು ಹಸಿವು ಹೇಳಿಕೊಳ್ಳಲು ನಾಚಿಕೆಯಾಯಿತು.

ಸಾಗರದಲ್ಲಿ ಈಗಲೂ ಹಳಬರ ನಡುವೆ ಅವರ ಮಾತು ಬರುತ್ತದೆ. ಎಷ್ಟು ದೇಶ ನೋಡಿದವರು, ಎಂಥ ಸಂಭಾವಿತರು, ಮಂತ್ರಿಯಾದರೂ ಒಬ್ಬರಿಗೂ ಗಟ್ಟಿಯಾಗಿ ಬೈದವರಲ್ಲ ಅನ್ನುತ್ತಾರೆ. ನೀನು ಅವರ ಜೀಪು ಓಡಿಸಿದವನಲ್ಲವೇನೋ, ನೀನೇ ಹೇಳು ಅನ್ನುತ್ತಾರೆ. ನಾನು ಹೌದು ಅಂದು ಸುಮ್ಮನಾಗುತ್ತೇನೆ. ಚಾ ಅಂಗಡಿಯಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅದಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು. ಬಿಟ್ಟ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದೆ. ಲಾರಿ ನಿಲ್ಲಿಸಿದಲ್ಲಿ ಪೇಪರು, ಪೇಪರು ಇಲ್ಲದಲ್ಲಿ ಪೊಟ್ಟಣ ಕಟ್ಟಿದ ಹಾಳೆ. ಯಾರ ಹಂಗಿನಲ್ಲೂ ಕಲಿತದ್ದಲ್ಲ.

ಅವರ ಮನೆ ಹೊಸನಗರ ತಾಲೂಕಿನಲ್ಲಿ ಶರಾವತಿಯ ದಂಡೆಯ ಮೇಲಿತ್ತು. ತೋಟ ಅವರದು, ಗದ್ದೆ ಅವರದು, ಗದ್ದೆ ಗೇಯುವವರು ನಾವು. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದು ಎದೆಮಟ್ಟ ಬರುತ್ತಿತ್ತು. ಆಗಿನ್ನೂ ಮದುವೆಯಾಗದ ನನ್ನ ಅಪ್ಪ ಒಡೆಯರ ಕಿರಿಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿಸುತ್ತಿದ್ದ. ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದ. ಆ ಕಿರಿಯ ಮಗನೇ ಇವರು. ಹಳ್ಳ ದಾಟಿದವರು ಶಿವಮೊಗ್ಗ ದಾಟಿದರು, ಮೈಸೂರು ದಾಟಿದರು, ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯ ಪರೀಕ್ಷೆ ಪಾಸು ಮಾಡಿ ವಿದೇಶದ ಕೆಲಸಕ್ಕೆ ಸೇರಿದರು. ಕೇರಿಯಲ್ಲಿ ಅಪ್ಪನ ಮಾತಿನ ತೂಕ ಹೆಚ್ಚಿದ್ದೂ ಅದರಿಂದಲೇ. ಸಣ್ಣೊಡೇರು ಯಾವ ದೇಶದಲ್ಲಿದ್ದಾರೆ ಅಂತ ಸುದ್ದಿ ಬಂದಾಗಲೆಲ್ಲ ಅಪ್ಪ ತನ್ನ ಎಡಗಡೆಯ ಹೆಗಲು ಸವರಿಕೊಳ್ಳುತ್ತಿದ್ದ.

ನಾನು ಅದೇ ಶಾಲೆಗೆ ಸೇರಿದಾಗ ಅಪ್ಪ ನಡುವಯಸ್ಸಿನವನಾಗಿದ್ದ, ಮಳೆಗಾಲದಲ್ಲಿ ಭತ್ತದ ಸಸಿಯ ನೆಟ್ಟಿ ಬಿಟ್ಟು ಬರಲು ಒಡೆಯರ ಅಪ್ಪಣೆ ಇರಲಿಲ್ಲ. ಬೇಸಿಗೆಯಲ್ಲಿ ಹೋಗುತ್ತಿದ್ದೆ, ಮಳೆಯಲ್ಲಿ ಬಿಡುತ್ತಿದ್ದೆ. ಮೂರನೇ ವರ್ಷ ಮಾಸ್ತರರು ಹಾಜರಿ ಕರೆಯುವಾಗ ನನ್ನ ಹೆಸರೇ ಕರೆಯಲಿಲ್ಲ. ಆ ಹೆಗಲು ನನಗೆ ಸಿಗಲಿಲ್ಲ ಅಂತ ನಾನು ಅಪ್ಪನಿಗೆ ಯಾವತ್ತೂ ಹೇಳಿದವನಲ್ಲ. ಆದರೆ ಮನಸ್ಸಿನಲ್ಲಿ ಇಲ್ಲದ ಮಾತಲ್ಲ.

ಮುಂದೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳತೊಡಗಿತು. ನಾನು ಅಲ್ಲಿ ಕಲ್ಲು ಸಾಗಿಸುವ ಲಾರಿಗೆ ಕ್ಲೀನರಾಗಿ ಸೇರಿದೆ. ಕ್ಲೀನರಾಗಿದ್ದವನು ಡ್ರೈವರಾದೆ. ಜೋಗದ ಕಡೆಯ ತಿರುವುಗಳಲ್ಲಿ ಕಲ್ಲು ತುಂಬಿದ ಲಾರಿ ಇಳಿಸಿದವನಿಗೆ ಆಮೇಲೆ ಯಾವ ರಸ್ತೆಯೂ ರಸ್ತೆ ಅನ್ನಿಸುವುದಿಲ್ಲ. ನಾನು ಹೊತ್ತು ಹಾಕಿದ ಕಲ್ಲು ನೀರು ನಿಲ್ಲಿಸಿತು, ನಿಂತ ನೀರು ನಮ್ಮ ಕೇರಿಗೆ ಬಂತು. ಆ ಕೆಲಸ ಬಿಟ್ಟಿದ್ದರೆ ಬೇರೆಯವನು ಮಾಡುತ್ತಿದ್ದ, ಅದು ಗೊತ್ತು. ಆದರೂ ಅಮ್ಮ ಒಂದು ಸಲ, ನೀನು ಸ್ವಲ್ಪ ಕಡ್ಮೆ ಲೋಡು ಹಾಕಬೇಕಿತ್ತು ಮಗಾ ಅಂದಿದ್ದಳು. ತಮಾಷೆಗೆ ಅಂದಳೋ ಏನೋ.

ಮುಳುಗಡೆಯಲ್ಲಿ ಜಮೀನಿನ ಒಡೆಯರಿಗೆ ಪರಿಹಾರ ಬಂತು. ಇವರ ಅಣ್ಣ, ಆಸ್ತಿ ನೋಡಿಕೊಳ್ಳುತ್ತಿದ್ದವರು, ತೀರ್ಥಹಳ್ಳಿಯ ಕಡೆ ತೋಟ ಕೊಂಡರು, ಸಾಗರದಲ್ಲಿ ಮನೆ ಮಾಡಿದರು. ಗೇಣಿದಾರರಿಗೆ ನೆಲ ಇರಲಿಲ್ಲ. ಇಲ್ಲದ ನೆಲ ಹೇಗೆ ಮುಳುಗುತ್ತದೆ? ಕಚೇರಿಯವರ ತರ್ಕ ಹಾಗಿತ್ತು. ನಮ್ಮ ಕೇರಿಯ ಜನರನ್ನು ಲಾರಿಗೆ ಹತ್ತಿಸಿ ರಿಪ್ಪನ್‌ಪೇಟೆ ರಸ್ತೆಯಿಂದ ಒಳಗೆ, ಕಾಡಿನ ಒಂದು ಇಳಿಜಾರಿನಲ್ಲಿ ಇಳಿಸಿದರು. ಇಲ್ಲೇ ಇರಿ, ಆಮೇಲೆ ನಿಮ್ಮ ಹೆಸರಿಗೆ ಆಗ್ತದೆ ಎಂದು ಒಬ್ಬ ಪ್ಯಾಂಟಿನವನು ಹೇಳಿದ. ಅವನನ್ನು ಮತ್ತೆ ಯಾರೂ ನೋಡಲಿಲ್ಲ. ಜನ ಪೊದೆ ಮಟ್ಟಿ ಕಡಿದರು, ಬೇರು ಕಿತ್ತರು, ಇಳಿಜಾರನ್ನು ಮೆಟ್ಟಿಲು ಮಾಡಿ ಭತ್ತ ಹಾಕಿದರು. ಅರವತ್ತು ದಾಟಿದ ಅಪ್ಪ ಹೊಸದಾಗಿ ಹಾರೆ ಹಿಡಿದ. ಎರಡನೇ ವರ್ಷ ಊಟಕ್ಕಾಗುವಷ್ಟು ಬೆಳೆದರು. ಅಷ್ಟರಲ್ಲಿ ಕಾಡಿನ ಗಾರ್ಡು ಬರಲು ಶುರು ಮಾಡಿದ. ಬಂದಾಗೆಲ್ಲ ಒಂದು ಕೋಳಿ ಒಯ್ಯುತ್ತಿದ್ದ, ಹೋಗುವಾಗ, ಇಲ್ಲಿ ನೀಲಗಿರಿ ನೆಡ್ತಾರೆ, ನೀವು ಏಳ್ಬೇಕಾಗ್ತದೆ ಅಂತ ಹೇಳಿಯೇ ಹೋಗುತ್ತಿದ್ದ. ಒಮ್ಮೆ ಎದ್ದವರು ಮತ್ತೆ ಏಳುವುದು ಅಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ಕೇರಿಗೆ ಬೇಕಾಗಿದ್ದದ್ದು ಒಂದೇ. ಇಲ್ಲಿಂದ ಯಾರೂ ಏಳಿಸಬಾರದು.

ನೀರು ಬಂದ ವರ್ಷವೇ ಇವರ ಅಣ್ಣ ತೀರಿಕೊಂಡರು. ಇವರು ವಿದೇಶದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬಂದರು. ವರ್ಷ ತುಂಬುವುದರೊಳಗೆ ಪಕ್ಷದವರು ಮನೆಗೆ ಬಂದರು. ಚುನಾವಣೆಗೆ ನಿಲ್ಲುತ್ತಾರೆ, ಜೀಪು ಓಡಿಸಲು ಮೂರು ತಾಲೂಕಿನ ರಸ್ತೆ ಗೊತ್ತಿರುವವನು ಬೇಕು ಅಂತ ಸುದ್ದಿ ಬಂದಾಗ ಅಪ್ಪನೇ ನನ್ನನ್ನು ಕಳಿಸಿದ. ಲಾರಿ ಬಿಟ್ಟು ಜೀಪು ಹಿಡಿಯಲು ನನಗೆ ಇಷ್ಟವಿರಲಿಲ್ಲ. ಲಾರಿಯಲ್ಲಿ ನಾನೇ ರಾಜ. ಅಪ್ಪ, ಅದೆಲ್ಲ ಬ್ಯಾಡ, ಒಡೇರ ಪಕ್ಕದಾಗೆ ನಮ್ಮೋನೊಬ್ಬ ಇರಬೇಕು ಅಂದ. ಹೋದೆ.

ಚುನಾವಣೆಯ ಓಡಾಟದಲ್ಲಿ ಅವರ ಕೆಲಸ ನೋಡಿದೆ. ಬೇರೆಯವರು ಮೈಕು ಹಿಡಿದು ಕೂಗುತ್ತಿದ್ದರು. ಇವರು ತೀರ್ಥಹಳ್ಳಿಯ ಪೇಟೆಯಲ್ಲಿ ಜೀಪು ನಿಲ್ಲಿಸಿ ಅಂಗಡಿ ಅಂಗಡಿಗೆ ನಡೆದು ಹೋಗಿ, ಕೂತು, ಅಂಗಡಿಯವರು ಹೇಳಿದ್ದನ್ನೆಲ್ಲ ಕೇಳುತ್ತಿದ್ದರು. ಕೇಳುವಾಗ ತಲೆ ಸ್ವಲ್ಪ ಬಾಗಿಸುತ್ತಿದ್ದರು. ಎದುರಿನವನಿಗೆ ತನ್ನ ಮಾತು ಅವರ ಎದೆಯೊಳಗೆ ಹೋಗಿ ಕೂತಿತು ಅನ್ನಿಸುತ್ತಿತ್ತು. ರಸ್ತೆ ಬೇಕು ಅಂದವರಿಗೆ, ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ ಅನ್ನುತ್ತಿದ್ದರು. ಮಾಡಿಸುತ್ತೇನೆ ಅನ್ನುತ್ತಿರಲಿಲ್ಲ. ಜನ ಮಾತ್ರ, ಮಾಡಿಸ್ತಾರಂತೆ ಅಂತ ಹೇಳಿಕೊಂಡು ತಿರುಗುತ್ತಿದ್ದರು. ಒಬ್ಬರ ಹತ್ತಿರ ಹಾಗೆ ಹೇಳಿಸಿಕೊಳ್ಳಲು ಎಷ್ಟು ದೇಶ ಸುತ್ತಬೇಕೋ.

ಜೀಪಿನಲ್ಲಿ ನಾವಿಬ್ಬರೇ ಇದ್ದಾಗ ಕತೆ ಹೇಳುತ್ತಿದ್ದರು. ಹೆಂಡತಿ ಉತ್ತರದ ಕಡೆಯವರು, ದಿಲ್ಲಿಯಲ್ಲೇ ಉಳಿದಿದ್ದರು. ಮಾತಿಗೆ ಜನ ಬೇಕಿತ್ತು ಅವರಿಗೆ. ಹುಂಚದ ಕಡೆ ಹೋಗುವಾಗ ಒಂದು ದಿನ ಹೇಳಿದ್ದು ಇದು. ಯಾವುದೋ ಸಣ್ಣ ದೇಶ. ಅಲ್ಲಿ ಅರಮನೆಯ ಊಟ. ಊಟದ ನಡುವೆ ಆ ದೇಶದ ಮಂತ್ರಿ ಎದ್ದು ನಿಂತು, ಯಾವುದೋ ತಕರಾರಿನ ದ್ವೀಪದ ಹೆಸರು ಹೇಳಿ, ಅದು ನಮ್ಮದೇ ಅಂತ ಗ್ಲಾಸು ಎತ್ತಿದನಂತೆ. ಗ್ಲಾಸು ಎತ್ತಿ ಕುಡಿದರೆ ನಮ್ಮ ಸರ್ಕಾರ ಒಪ್ಪಿದ ಹಾಗೆ. ಎತ್ತದೆ ಕೂತರೆ ಮನೆಗೆ ಕರೆದವನಿಗೆ ಅವಮಾನ. ಇವರು ಎದ್ದರು, ಗ್ಲಾಸು ಎತ್ತಿದರು, ತುಟಿ ಮಾತ್ರ ಒದ್ದೆ ಮಾಡಿಕೊಂಡು ಕೆಳಗಿಟ್ಟರು. ಮಾರನೇ ದಿನ ಅಲ್ಲಿಯವರು, ನೀವು ಒಪ್ಪಿದಿರಲ್ಲ ಅಂದಾಗ, ನನ್ನ ಗ್ಲಾಸು ತುಂಬಿಯೇ ಇತ್ತು, ಬಡಿಸಿದವನನ್ನು ಕೇಳಿ ಅಂದರಂತೆ.

ಅವರು ನಕ್ಕರು. ನಾನೂ ಸ್ಟೇರಿಂಗಿನ ಮೇಲೆ ಕೈ ಬಡಿದು ನಕ್ಕೆ. ನಮ್ಮ ಹಳ್ಳ ದಾಟಿ ಹೋದವನು ಅರಮನೆಯವರನ್ನು ಯಾಮಾರಿಸಿ ಬಂದನಲ್ಲ ಅಂತ ಹೆಮ್ಮೆಯಾಯಿತು.

ಮತದಾನಕ್ಕೆ ಕೆಲವೇ ದಿನ ಇರುವಾಗ ಜೀಪು ನಮ್ಮ ಕೇರಿಗೆ ಹೋಯಿತು. ಮಧ್ಯಾಹ್ನ. ಹೆಂಗಸರು ನೆಲ ಸಾರಿಸಿದ್ದರು. ಅಪ್ಪ ಒಗೆದ ಪಂಚೆ ಉಟ್ಟು, ಎಲ್ಲಿಂದಲೋ ಒಂದು ಕುರ್ಚಿ ತರಿಸಿದ್ದ.

ಇಲ್ಲಿ ನಮ್ಮವರ ಒಂದು ಕ್ರಮ ಹೇಳಬೇಕು. ದೊಡ್ಡ ಮಾತೊಂದನ್ನು ಕೇಳುವಾಗ, ಹೆಣ್ಣು ಕೇಳುವುದಿರಲಿ, ನೆಲ ಕೇಳುವುದಿರಲಿ, ಜಗಳ ಬಿಡಿಸುವುದಿರಲಿ, ಕೇಳುವವನು ಕೇಳಿಸಿಕೊಳ್ಳುವವನ ಕೈಗೆ ಎಲೆ ಅಡಿಕೆ ಇಡುತ್ತಾನೆ. ನಾವು ಅದನ್ನು ಕವಳ ಅನ್ನುತ್ತೇವೆ. ಅವನು ಅಲ್ಲೇ, ಎಲ್ಲರೂ ನೋಡುವಂತೆ ಬಾಯಿಗೆ ಹಾಕಿ ಅಗಿದರೆ ಮಾತು ಕೊಟ್ಟಂತೆ. ಆಮೇಲೆ ತಿರುಗಿ ನೋಡುವುದಿಲ್ಲ. ಆಗದಿದ್ದರೆ ಬೇಡ ಅಂತ ಹರಿವಾಣಕ್ಕೆ ವಾಪಸು ಇಡುತ್ತಾನೆ, ಅದರಲ್ಲಿ ಅವಮಾನ ಇಲ್ಲ. ಕವಳವನ್ನು ಜೇಬಿಗೆ ಅಥವಾ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದು ಅಂದರೆ ಮಾತು ಕೊಟ್ಟಿಲ್ಲ, ಮನೆಗೆ ಹೋಗಿ ನೋಡುತ್ತೇನೆ ಅಂತ. ಎಲೆ ಅಡಿಕೆಗೆ ಮೈಲಿಗೆ ಇಲ್ಲವಾದ್ದರಿಂದ ಒಡೆಯರ ಮನೆಯವರಿಗೂ ನಮ್ಮವರಿಗೂ ನಡುವೆ ಎಷ್ಟೋ ಮಾತು ಹೀಗೆಯೇ ನಡೆದಿತ್ತು. ಗೇಣಿಗೂ ನಾವು ಯಾವತ್ತೂ ಬರೆಸಿಕೊಂಡವರಲ್ಲ. ಕವಳ ಅಗಿದವರ ಹತ್ತಿರ ಬರೆಸಿಕೊಳ್ಳುವುದು ಅವರ ಬಾಯಿಗೆ ಬೀಗ ಹಾಕಿದ ಹಾಗೆ ಅಂತ ನಮ್ಮ ಹಿರಿಯರು ತಿಳಿದಿದ್ದರು.

ಅಪ್ಪ ಹರಿವಾಣ ಹಿಡಿದು ಮುಂದೆ ಬಂದ.

“ಒಡೇರೆ, ನಮಗೆ ರಸ್ತೆ ಬ್ಯಾಡ, ದೀಪ ಬ್ಯಾಡ. ಇಲ್ಲಿಂದ ನಮ್ಮನ್ನ ಯಾರೂ ಏಳಿಸ್ಬಾರ್ದು. ಅದೊಂದು ಮಾತು ಬೇಕು.”

ಅವರು ಕುರ್ಚಿಯಿಂದ ಎದ್ದರು. ಎರಡೂ ಕೈಯಲ್ಲಿ ಕವಳ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ, ನಾನು ಹತ್ತಿರವೇ ಇದ್ದೆ.

“ಯಜಮಾನ್ರೇ, ನೀವು ಹೆಗಲ ಮೇಲೆ ಹೊತ್ತು ನನ್ನನ್ನ ಹಳ್ಳ ದಾಟಿಸಿದ್ರಿ. ನಾನು ಎಲ್ಲೇ ಹೋದ್ರೂ ಅದನ್ನ ಮರೆತವನಲ್ಲ,” ಅಂದರು. ಅಂದವರು ಕವಳವನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು.

ಅವರು ಎಲ್ಲರಿಗೂ ಕೈ ಮುಗಿದು, ಮಕ್ಕಳ ತಲೆ ಸವರಿ, ಬಚ್ಚಲಿಗೆ ನೀರು ಎಲ್ಲಿಂದ ತರುತ್ತೀರಿ ಅಂತ ಹೆಂಗಸರನ್ನು ವಿಚಾರಿಸುತ್ತ ಜೀಪಿನ ಕಡೆ ನಡೆದರು. ಹಿಂದೆ ನನ್ನ ಅತ್ತೆ, ಅಪ್ಪನ ಅಕ್ಕ, ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದು ಕೇಳಿಸಿತು.

“ಜೇಬಿಗೆ ಹಾಕ್ಕಂಡ್ರು ಕಣೋ ತಮ್ಮಾ.”

“ಬಿಳೇರ ದೇಶದಾಗೆ ಇದ್ದು ಬಂದೋರು. ಅಲ್ಲಿ ಕವಳ ಹಾಕ್ತಾರನೆ? ಕ್ರಮ ಮರ್ತಿದಾರೆ. ಕಣ್ಣಿಗೆ ಒತ್ಕಂಡ್ರಲ್ಲ, ಸಾಕು,” ಅಂದ ಅಪ್ಪ.

“ಕಣ್ಣಿಗೆ ಒತ್ಕಳಾದು ಪ್ರಸಾದನ. ಕವಳಕ್ಕೆ ಬಾಯಿ ಬೇಕು.”

ಎಲ್ಲರೂ ನಕ್ಕರು. ನಕ್ಕ ಮೇಲೆ ಅದು ತಮಾಷೆಯಾಗಿಬಿಟ್ಟಿತು. ಅಪ್ಪನ ಮಾತೇ ನಿಂತಿತು. ಕೇರಿಗೆ ಕೇರಿಯೇ ಹೋಗಿ ಅವರಿಗೆ ಮತ ಹಾಕಿ ಬಂತು.

ಜೀಪು ರಸ್ತೆಗೆ ಬಂದ ಮೇಲೆ ನಾನು ಕೇಳಿದೆ, ಸಾರ್, ನೀವು ಕವಳ ಹಾಕ್ಲಿಲ್ಲ ಅಂತ. ಅವರು ಹೊರಗೆ ನೋಡುತ್ತಿದ್ದರು. ನಿಮ್ಮ ತಂದೆಯವರಿಗೆ ಈಗ ಎಷ್ಟು ವಯಸ್ಸಾಯ್ತು ಎಂದು ಕೇಳಿದರು. ನಾನು ಹೇಳಿದೆ. ಗಟ್ಟಿ ಆಳು ಅಂದರು. ನನ್ನ ಪ್ರಶ್ನೆ ಅಲ್ಲೇ ಎಲ್ಲೋ ರಸ್ತೆಯ ಮೇಲೆ ಬಿದ್ದುಹೋಯಿತು.

ಅದೇ ಸಂಜೆ ಸಾಗರದ ಹತ್ತಿರ ಅವರ ನೆಂಟರ ಮನೆಯಲ್ಲಿ ಊಟ. ನಾನು ಅಂಗಳದಲ್ಲಿ ಜೀಪಿನ ಚಕ್ರ ಒರೆಸುತ್ತಿದ್ದೆ. ಒಳಗಿನ ಮಾತು ಕೇಳುತ್ತಿತ್ತು. ತಮ್ಮವರ ನಡುವೆ ಅವರು ಮನೆಮಾತಿಗೆ ಇಳಿಯುತ್ತಿದ್ದರು. ಯಾರೋ, ಈ ಸಲ ಎಂತ ಆಗ್ತು ಅಂತ ಕೇಳಿದರೆ, “ಎಂತ ಹೆದರಿಕೆಯೂ ಇಲ್ಲೆ,” ಅಂತ ನಗುತ್ತಿದ್ದರು. ಊಟವಾದ ಮೇಲೆ ಜಗಲಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, ಎಲೆಯ ನಾರು ತೆಗೆದು, ಸುಣ್ಣ ಸವರಿ, ಒಳ್ಳೆ ಪಳಗಿದ ಕೈಯಲ್ಲಿ ಮಡಿಸಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಅಂಗಳದಲ್ಲಿದ್ದ ನನ್ನನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನಾನೇ ಚಕ್ರದ ಕಡೆ ತಿರುಗಿದೆ.

ಮುಂದಿನ ಸಲ ಕೇರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಕವಳ ಹಾಕುತ್ತಾರೆ, ಕ್ರಮ ಮರೆತವರಲ್ಲ, ನಾನೇ ನೋಡಿದ್ದೇನೆ ಅಂದೆ. ಗ್ಲಾಸಿನ ಕತೆಯನ್ನೂ ಹೇಳಿದೆ. ಅಪ್ಪ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ.

“ಮೂರನೇ ಕ್ಲಾಸು ಓದಿ ಒಡೇರ ಮನಸು ಓದಾಕೆ ಹೊಂಟ್ಯ?”

ಆ ಮಾತು ಇವತ್ತಿಗೂ ಇದೆ ನನ್ನೊಳಗೆ. ನಾನು ಮತ್ತೆ ಎರಡು ತಿಂಗಳು ಕೇರಿಗೆ ಹೋಗಲಿಲ್ಲ.

ಅವರು ಗೆದ್ದರು. ಸ್ವಲ್ಪ ಸಮಯದಲ್ಲೇ ಮಂತ್ರಿಯಾದರು. ಕೆಟ್ಟ ಮಂತ್ರಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಕಡತ ತಡೆದು ಇಟ್ಟುಕೊಳ್ಳುತ್ತಿರಲಿಲ್ಲ, ಕೈ ಒಡ್ಡುತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿ ಶಾಲೆಯ ಕಟ್ಟಡ ಎದ್ದಿತು, ಹೊಸನಗರದ ಕಡೆ ಒಂದೆರಡು ಮೋರಿ, ಸೇತುವೆ ಆಯಿತು. ಬೆಂಗಳೂರಿನಿಂದ ಬಂದಾಗ ಸರ್ಕಾರಿ ಕಾರು ಮುಂದೆ, ನನ್ನ ಜೀಪು ಹಿಂದೆ. ಕಾರು ಹೋಗದ ರಸ್ತೆ ಬಂದರೆ ಇಳಿದು ನನ್ನ ಜೀಪಿಗೆ ಬರುತ್ತಿದ್ದರು. ಆಗಲೂ, ಡ್ರೈವರ್ರೇ, ಮನೇಲಿ ಎಲ್ಲ ಆರಾಮಾ ಎಂದು ಕೇಳುತ್ತಿದ್ದರು. ಪರದೇಶದ ದೊಡ್ಡ ಮನುಷ್ಯರು ಜೋಗ ನೋಡಲು ಬಂದರೆ ಇವರೇ ಕರೆದುಕೊಂಡು ಹೋಗುತ್ತಿದ್ದರು. ಬೀಳುವ ನೀರಿನ ಎದುರು ನಿಂತು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು, ಬಂದವರು ತಲೆದೂಗುತ್ತಿದ್ದರು. ನಿಂತ ನೀರಿನ ಕಡೆ ಅವರನ್ನು ಕರೆದುಕೊಂಡು ಹೋದದ್ದು ನಾನು ನೋಡಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಗಾರ್ಡು ಒಬ್ಬನೇ ಬರಲಿಲ್ಲ. ಮೇಲಿನವರೂ ಬಂದಿದ್ದರು. ಮಳೆ ಹಿಡಿಯುವುದರೊಳಗೆ ಜಾಗ ಬಿಡಬೇಕು, ಮಳೆ ಬಿದ್ದ ಕೂಡಲೇ ಸಸಿ ಕೂರಿಸುತ್ತೇವೆ ಅಂದರು. ಕೇರಿಯವರು ಅಪ್ಪನ ಅಂಗಳಕ್ಕೆ ಬಂದರು. ಅಪ್ಪ ಹೆದರಿರಲಿಲ್ಲ. ಮಾತು ಕೊಟ್ಟೋರು ಇದಾರೆ, ಹೇಳಿ ಬತ್ತೀನಿ ಅಂತ ಬಸ್ಸು ಹತ್ತಿದ. ಮಂತ್ರಿಗಳು ಆ ದಿನ ಸಾಗರದ ಪ್ರವಾಸಿ ಮಂದಿರದಲ್ಲಿದ್ದರು.

ಹೊರಗೆ ಕಾದಿದ್ದ ಜನರನ್ನೆಲ್ಲ ಬಿಟ್ಟು ಅಪ್ಪನನ್ನು ಮೊದಲು ಒಳಗೆ ಕರೆದರು. ನನ್ನನ್ನೂ ಕರೆದರು. ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು. ಅಪ್ಪ ಕೂರಲಿಲ್ಲ. ಕಾಫಿ ತರಿಸಿದರು. ಅದು ಮೇಜಿನ ಮೇಲೆ ಆರುತ್ತಾ ಕೂತಿತು. ಅಪ್ಪ ಬಂದ ವಿಷಯ ಹೇಳಿದ. ಅವರು ತಲೆ ಬಾಗಿಸಿ ಕೇಳಿದರು. ಅದು ತಮ್ಮ ಖಾತೆಯಲ್ಲ, ಆ ಜಾಗ ನೆಡುತೋಪಿಗೆ ಅಂತ ತಾವು ಬರುವ ಮುಂಚೆಯೇ ತೀರ್ಮಾನವಾಗಿದೆ, ಆ ಖಾತೆಯ ಮಂತ್ರಿಯ ಹತ್ತಿರ ಮಾತಾಡಿದ್ದೇನೆ, ಅವರು ಬಿಡುವಂತೆ ಕಾಣುವುದಿಲ್ಲ ಎಂದು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಚುನಾವಣೆಗೆ ಮುಂಚೆಯೇ ತೀರ್ಮಾನವಾಗಿತ್ತೇ ಎಂದು ನಾನು ಕೇಳಿದೆ. ಹೌದು ಅಂದರು. ಆಗಲೇ ಗೊತ್ತಿತ್ತೇ ಅಂದೆ. ವಿಚಾರಿಸಿದ್ದೆ ಅಂದರು.

ಅಪ್ಪನಿಗೆ ಅದೊಂದೂ ತಲೆಗೆ ಹೋಗಲಿಲ್ಲ. ಅವನು ಒಂದೇ ಮಾತು ಹಿಡಿದು ನಿಂತಿದ್ದ. ಕವಳ ತಗಂಡಿದ್ರಿ ಒಡೇರೆ ಅಂದ.

ಅವರು ಅಪ್ಪನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ಬಾಯಿಗೆ ಹಾಕ್ಲಿಲ್ಲ ಯಜಮಾನ್ರೇ. ನಿಮ್ಮ ಕ್ರಮ ನನಗೆ ಗೊತ್ತಿಲ್ವಾ? ನಮ್ಮ ಅಪ್ಪಯ್ಯ ಕವಳ ಅಗಿದು ನಿಮ್ಮೋರಿಗೆ ಮಾತು ಕೊಡೋದನ್ನ ನೋಡ್ಕೊಂಡೇ ಬೆಳೆದೋನು ನಾನು. ನಿಮ್ಮ ಹತ್ರ ಸುಳ್ಳು ಹೇಳ್ಬಾರ್ದು ಅಂತಲೇ ಹಾಕ್ಲಿಲ್ಲ.”

ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

“ಹಂಗಾರೆ ಹರಿವಾಣದಾಗೇ ಬಿಡಬೌದಿತ್ತು.”

“ಅಷ್ಟು ಜನರ ಎದುರಿಗೆ ನಿಮ್ಮ ಮರ್ಯಾದೆ ಹೋಗ್ತಿತ್ತಲ್ಲ.”

ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಅಪ್ಪನ ಮರ್ಯಾದೆ ಉಳಿಸಿದ್ದೇನೆ, ಸುಳ್ಳೂ ಹೇಳಿಲ್ಲ, ಎರಡೂ ಕಡೆ ಸರಿ ಮಾಡಿದ್ದೇನೆ ಅಂತ. ಆ ಮೇಲೆ ಇನ್ನೊಂದು ಮಾತು ಹೇಳಿದರು. ತೀರ್ಥಹಳ್ಳಿಯ ತೋಟದ ಬದಿಯಲ್ಲಿ ತಮ್ಮದೇ ಖಾಲಿ ಜಾಗ ಇದೆ, ಮನೆ ಕಟ್ಟಿಸಿಕೊಡುತ್ತೇನೆ, ನೀವಿಬ್ಬರು ಗಂಡ ಹೆಂಡತಿ ಅಲ್ಲಿಗೆ ಬಂದುಬಿಡಿ, ಅದು ನನ್ನ ಸ್ವಂತ ಋಣ ಅಂದರು. ನನ್ನ ಕಡೆ ತಿರುಗಿ, ನಿಮಗೂ ಸರ್ಕಾರಿ ಡ್ರೈವರ್ ಕೆಲಸ, ಕಾಯಂ ಆಗ್ತದೆ, ಬೆಂಗಳೂರಿಗೆ ಬನ್ನಿ ಅಂದರು.

“ಕವಳ ಕೊಟ್ಟಿದ್ದು ಕೇರಿದು ಒಡೇರೆ. ನನ್ನೊಬ್ಬನ ಮನೇದಲ್ಲ,” ಅಂದ ಅಪ್ಪ. ಅಂದು ಹೊರಗೆ ನಡೆದ.

ನಾನು ಜೀಪಿನ ಕೀಲಿಯನ್ನು ಕಾಫಿಯ ಪಕ್ಕ ಇಟ್ಟೆ. ಅವರು, ದುಡುಕಬೇಡಿ, ನೀವು ಬುದ್ಧಿವಂತರು, ಯೋಚನೆ ಮಾಡಿ ಅಂದರು. ಚುನಾವಣೆಗೆ ಮುಂಚಿನಿಂದ ಯೋಚನೆ ಮಾಡ್ತಾನೇ ಇದೀನಿ ಸಾರ್ ಅಂದೆ. ಬೈಯಬೇಕು ಅಂತಿತ್ತು. ಎಂಥ ಮಾತು ಆಡಿದರೂ ಅವರು ತಲೆ ಬಾಗಿಸಿ ಕೇಳಿಸಿಕೊಳ್ಳುತ್ತಾರೆ ಅನ್ನಿಸಿ ಅಪ್ಪನ ಹಿಂದೆಯೇ ಹೊರಬಿದ್ದೆ.

ಅಪ್ಪ ಕೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಲಿಲ್ಲ. ಒಡೆಯರಿಗೆ ಕ್ರಮ ಗೊತ್ತಿತ್ತು ಅಂತಲೂ, ತನಗೊಬ್ಬನಿಗೆ ಜಾಗ ಕೊಡುತ್ತೇನೆ ಅಂದರು ಅಂತಲೂ ಹೇಳಿದ. ಹೇಳಬಾರದಿತ್ತು. ಅತ್ತೆ ಏನೂ ಅನ್ನಲಿಲ್ಲ. ಆದರೆ ಇಳಿಜಾರಿನ ಮೇಲಿನ ಮನೆಯ ಹುಡುಗನೊಬ್ಬ ಕೇಳಿಯೇಬಿಟ್ಟ, ಕಣ್ಣಿಗೆ ಒತ್ಕಂಡ್ರೆ ಸಾಕು ಅಂದೋರು ಯಾರು ಅಂತ. ಇನ್ನೊಬ್ಬ, ನೀನಾದ್ರೂ ತೀರ್ಥಳ್ಳಿಗೆ ಹೋಗಿದ್ರೆ ನಿನ್ನ ಹಿಂದೆ ನಾವೂ ಬತ್ತಿದ್ವಿ ಅಂದ. ಎರಡು ದಿನ ಕಳೆದ ಮೇಲೆ ಮಾತು ಬದಲಾಯಿತು. ಜಾಗ ಬೇಡ ಅಂದಿರುವುದು ಸುಳ್ಳು, ಒಳಗೊಳಗೇ ಒಪ್ಪಿಕೊಂಡು ಬಂದಿದ್ದಾನೆ, ಮಳೆಗಾಲ ಕಳೆದ ಮೇಲೆ ಸದ್ದಿಲ್ಲದೆ ಹೋಗುತ್ತಾನೆ ಅಂತ. ಇಪ್ಪತ್ತು ವರ್ಷ ಕೇರಿಯ ಪರವಾಗಿ ಮಾತಾಡಿದವನ ಬಾಯಿ ಆ ವಾರದಲ್ಲಿ ಮುಚ್ಚಿತು.

ಮಂತ್ರಿಗಳು ಆ ಮೇಲೂ ಬೆಳೆದರು. ಸರ್ಕಾರ ಬದಲಾದಾಗ ದಿಲ್ಲಿಯವರು ಮತ್ತೆ ಕರೆದು ಯಾವುದೋ ದೇಶಕ್ಕೆ ರಾಯಭಾರಿಯಾಗಿ ಕಳಿಸಿದರು. ತೀರಿಕೊಂಡಾಗ ಸಾಗರದಲ್ಲಿ ಅಂಗಡಿ ಮುಚ್ಚಿದರು. ನಾನು ಲಾರಿ ಹೊರಡಿಸಿಕೊಂಡು ಬಾಡಿಗೆಗೆ ಹೋದೆ. ಸುಳ್ಳು ಹೇಳಿದವರಲ್ಲ ಅಂತ ಸಂತಾಪ ಸಭೆಯಲ್ಲಿ ಹೇಳಿದರಂತೆ. ನಿಜ. ನನ್ನ ಸಿಟ್ಟೂ ಅದೇ. ಸುಳ್ಳು ಹೇಳಿದ್ದರೆ, ಕವಳ ಅಗಿದು ಮಾತು ತಪ್ಪಿದ್ದರೆ, ಅಪ್ಪ ಅವರನ್ನು ಬೈದುಕೊಂಡಾದರೂ ಇರುತ್ತಿದ್ದ. ಕೇರಿಯೂ ಅವರನ್ನೇ ಬೈಯುತ್ತಿತ್ತು. ಅವರು ಎಷ್ಟು ನಾಜೂಕಾಗಿ ನಡೆದುಕೊಂಡರೆಂದರೆ ತಪ್ಪು ಹೊರಲು ನನ್ನ ಅಪ್ಪನೊಬ್ಬನೇ ಉಳಿದ.

ಜಾಗ ಬಿಟ್ಟ ದಿನದ ವಿಷಯ ಹೇಳಿ ಮುಗಿಸುತ್ತೇನೆ.

ನಾನು ಹಳೇ ಮಾಲೀಕನ ಲಾರಿ ಕೇಳಿ ತಂದಿದ್ದೆ. ಜನ ತಮ್ಮ ತಮ್ಮ ಮನೆಯ ಬಿದಿರಿನ ಗಳು, ಬಾಗಿಲು, ಒನಕೆ, ಹಂಡೆ ಎಲ್ಲ ಬಿಚ್ಚಿ ಇಟ್ಟಿದ್ದರು. ಒಟ್ಟಿಗೆ ಹೋಗಲು ಯಾವ ಜಾಗವೂ ಇರಲಿಲ್ಲ. ಕೆಲವರು ತೀರ್ಥಹಳ್ಳಿಯ ಕಡೆ ತೋಟದ ಕೂಲಿಗೆ, ಕೆಲವರು ಹೊಸನಗರದ ಹತ್ತಿರ ನೆಂಟರ ಮನೆಗೆ, ಒಂದಿಷ್ಟು ಗಂಡಸರು ಜೋಗದಲ್ಲಿ ಕೆಲಸ ಸಿಗುತ್ತದೆ ಅಂತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು. ಅಪ್ಪ ಪ್ರತಿ ಸಲವೂ ನನ್ನ ಪಕ್ಕ ಹತ್ತಿ ಕೂತ. ಬೇಡ ಅಂದರೂ ಕೇಳಲಿಲ್ಲ. ಇಳಿಸುವ ಜಾಗ ಬಂದಾಗ ತಾನೂ ಇಳಿದು ಸಾಮಾನಿಗೆ ಕೈ ಹಾಕುತ್ತಿದ್ದ. ಜನ ಅವನ ಕೈಯಿಂದ ಸಾಮಾನು ತೆಗೆದುಕೊಳ್ಳುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಹೊಸನಗರದ ಹತ್ತಿರ ಅತ್ತೆಯನ್ನು ಇಳಿಸಿದಾಗ ಮಾತ್ರ ಅವಳು, ನೀರಾದ್ರೂ ಕುಡ್ದು ಹೋಗ ತಮ್ಮಾ ಅಂದಳು. ಅವಳ ಮಗ ಹಂಡೆ ಎತ್ತಿಕೊಂಡು ಒಳಗೆ ಹೋದವನು ಹೊರಗೆ ಬರಲಿಲ್ಲ. ಅಪ್ಪ, ಬ್ಯಾಡ ಅಕ್ಕಾ, ಲಾರಿ ಕಾಯ್ತೈತೆ ಅಂದ.

ಕೊನೆಯ ಲೋಡು ನಮ್ಮದು. ಅಮ್ಮ ಹಿಂದೆ ಸಾಮಾನಿನ ಮೇಲೆ ಎಮ್ಮೆಯ ಕರುವನ್ನು ತಬ್ಬಿಕೊಂಡು ಕೂತಿದ್ದಳು. ರಿಪ್ಪನ್‌ಪೇಟೆಯಲ್ಲಿ ಮಳೆಯ ಮೊದಲ ಹನಿ ಬಿತ್ತು. ಟಾರ್ಪಾಲು ಎಳೆದು ಕಟ್ಟಿ ಬಂದು ಮತ್ತೆ ಹೊರಟೆ. ಸಾಗರದಲ್ಲಿ ಒಂದು ಅಕ್ಕಿ ಮಿಲ್ಲಿನ ಹಿಂದೆ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಅಂಗಳ ಇರಲಿಲ್ಲ. ಕರು ಕಟ್ಟಲು ಜಾಗ ಇರಲಿಲ್ಲ, ಅದನ್ನು ಅಪ್ಪನಿಗೆ ಇನ್ನೂ ಹೇಳಿರಲಿಲ್ಲ.

ಊರು ಹತ್ತಿರ ಬಂದಾಗ ಅಪ್ಪ ಬಾಯಿಬಿಟ್ಟ.

“ಮಗಾ, ಅಲ್ಲಿ ಅಕ್ಕಪಕ್ಕದೋರು ಯಾರು?”

“ಗೊತ್ತಿಲ್ಲ ಅಪ್ಪಾ. ಹೊಸಬರು.”

“ನನ್ನ ಗುರ್ತ ಇಲ್ವಾ ಅವ್ರಿಗೆ?”

“ಇಲ್ಲ.”

“ಆಗ್ಲಿ,” ಅಂದ. ಅಂದ ಮೇಲೆ ಮೊದಲ ಸಲ ಸೀಟಿಗೆ ಬೆನ್ನು ಕೊಟ್ಟು ಕೂತ.